ಎಡಭುಜಕ್ಕೊಂದು ಹಗುರ ಕೋವಿ

ಎಡವೋ, ಬಲವೋ? ಬರೆಯುವುದು ಬಲಗೈಯಲ್ಲಿ, ಅದರಲ್ಲಿ ಅನುಮಾನವಿಲ್ಲ. ಚಿಕ್ಕಂದಿನಲ್ಲಿ ಟೀಚರು ಬೆರಳ ಗಂಟಿಗೆ ಬಾರಿಸಿ ಕಲಿಸಿದ್ದು. ಆದರೆ ಸೇಬು ಹೆಚ್ಚುವಾಗ ಚಾಕು ತಾನಾಗಿ ಎಡಗೈಗೆ ಹೋಗುತ್ತದೆ. ಪೊರಕೆ ಹಿಡಿದಾಗ? ಕೊಡಲಿ ಎತ್ತಿದಾಗ? ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿ ಕೋವಿ ಎತ್ತಿದರೆ ಯಾವ ಭುಜಕ್ಕೆ ಆನಿಸಿಕೊಳ್ಳುತ್ತಾಳೆ ಎಂಬುದು ತನಗೆ ಗೊತ್ತಿಲ್ಲವಲ್ಲ ಎಂದು ವರ್ಲಿನ್‌ಗೆ ಒಳಗೊಳಗೇ ಗಾಬರಿಯಾಯಿತು.

"ಏನ್ ಮಾರಾಯ, ನಿಂತಲ್ಲೇ ನಿದ್ದೆ ಹೋದ್ಯಾ?" ಎಂದ ಹೋಬರ್ಟ್.

ಹೋಬರ್ಟ್ ವರ್ಲಿನ್‌ನ ಹೆಂಡತಿ ಡೆಲ್ಫಿಯಳ ತಮ್ಮ. ವೆಸ್ಟ್ ವರ್ಜೀನಿಯದ ಆ ಕಣಿವೆಯಲ್ಲಿ ಕೋವಿ, ತೋಟಾ, ಗಾಳದ ಕೊಕ್ಕೆ ಬೇಕಾದವರೆಲ್ಲ ಅವನ ಅಂಗಡಿಗೇ ಬರಬೇಕು. ಗಾಳಕ್ಕೆ ಸಿಕ್ಕಿಸುವ ಎರೆಹುಳುಗಳನ್ನೂ ತಾನು ಮಧ್ಯಾಹ್ನ ತಿನ್ನುವ ಬ್ರೆಡ್ಡನ್ನೂ ಅವನು ಒಂದೇ ಫ್ರಿಜ್ಜಿನಲ್ಲಿ ಇಡುತ್ತಿದ್ದ. ಈಗ ಕಟ್ಟೆಯ ಮೇಲೆ ಅವರಿಬ್ಬರ ನಡುವೆ ಒಂದು ಹೊಸ ಕೋವಿ ಮಲಗಿತ್ತು. ಅರೆ ಸ್ವಯಂಚಾಲಿತ, ಒಮ್ಮೆ ಟ್ರಿಗರ್ ಒತ್ತಿದರೆ ಖಾಲಿ ತೋಟಾವನ್ನು ತಾನೇ ಆಚೆ ಎಸೆದು ಮುಂದಿನದನ್ನು ತಾನೇ ನುಂಗಿಕೊಳ್ಳುವಂಥದು. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ.

"ಹಗುರದ್ದು ಬೇಕು ಅಂದೆ, ಕೊಟ್ಟೆ. ಈಗ ಭುಜಕ್ಕೆ ಆನಿಸೋ ಹಿಂದಿನ ಮರ ಕೊಯ್ದು ಗಿಡ್ಡ ಮಾಡ್ಬೇಕು ಅಂತಿದ್ದೀಯ. ಯಾಕೆ, ನಿನ್ನ ಕೈ ಮೋಟಾಯ್ತಾ?"

"ನನಗೆ ಹಾಗೇ ಬೇಕು."

"ಸರಿ, ನಿನಗೇ ಅಂತ ಇಟ್ಕೊಳ್ಳೋಣ. ಆ 'ನಿನಗೆ' ಅನ್ನೋರು ಎಡಗೈಯೋ ಬಲಗೈಯೋ? ಅಷ್ಟು ಹೇಳು. ತಪ್ಪಿ ಗುಂಡು ಹಾರದ ಹಾಗೆ ಟ್ರಿಗರ್ ಬಿಗಿ ಮಾಡೋ ಗುಂಡಿ ಯಾವ ಕಡೆ ಕೂರಿಸ್ಲಿ ಅಂತ ನನಗೆ ಗೊತ್ತಾಗ್ಬೇಕಲ್ಲ."

ವರ್ಲಿನ್ ಕಿಟಕಿಯ ಆಚೆ ನೋಡಿದ. ಬೆಟ್ಟದ ಮೇಲೆ ಮಂಜು ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು.

"ನಿಮ್ಮಪ್ಪ ಮಕ್ಕಳಿಗೆಲ್ಲ ಕೋವಿ ಹಿಡಿಯೋದು ಕಲಿಸಿದ್ರಾ?" ಎಂದು ಬೇರೆಲ್ಲಿಂದಲೋ ಮಾತು ತೆಗೆದ.

"ಗಂಡುಹುಡುಗರಿಗೆ ಮಾತ್ರ," ಎಂದ ಹೋಬರ್ಟ್. ಆಮೇಲೆ ಅವನ ಮೀಸೆಯಡಿ ಏನೋ ಸರಿದಾಡಿತು. "ಓಹೋ," ಎಂದ ಮೆಲ್ಲಗೆ. "ಹೋಗು, ತಿಳ್ಕೊಂಡು ಬಾ. ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ."

*

ಬೂದು ಅಳಿಲಿಗೆ ಒಂದು ಬುದ್ಧಿಯಿದೆ. ಮನುಷ್ಯ ಮರದ ಈಚೆ ಇದ್ದರೆ ಅದು ಕಾಂಡದ ಆಚೆಗೆ ಅಂಟಿಕೊಳ್ಳುತ್ತದೆ. ಅವನು ಆಚೆ ಹೋದರೆ ಈಚೆ. ಒಬ್ಬನೇ ಹೋದವನು ದಿನವಿಡೀ ಮರ ಸುತ್ತುತ್ತ ತೊಗಟೆ ನೋಡಿಕೊಂಡು ಬರಬೇಕು. ಅದಕ್ಕೇ ಆ ಬೆಟ್ಟಗಳಲ್ಲಿ ಇಬ್ಬರು ಹೋಗುವುದು. ಒಬ್ಬರು ಕದಲದೆ ಕೂರಬೇಕು. ಇನ್ನೊಬ್ಬರು ಸುತ್ತಿಕೊಂಡು ಮರದ ಹಿಂದೆ ಹೋಗಿ ಯಾವುದಾದರೂ ಬಳ್ಳಿ ಹಿಡಿದು ಅಲುಗಿಸಬೇಕು. ಆ ಸದ್ದಿಗೆ ಅಳಿಲು ಕಾಂಡ ಬಳಸಿ ಕೂತವರ ಕಣ್ಣೆದುರಿಗೆ ಬರುತ್ತದೆ.

ಮದುವೆಯಾದ ವರ್ಷದಿಂದ ವರ್ಲಿನ್ ಕೂತಿದ್ದ, ಡೆಲ್ಫಿಯ ಸುತ್ತಿದ್ದಳು. ಅವನ ಬಳಿ ಇದ್ದದ್ದು ಒಂದೇ ಏಟಿನ ಹಳೆಯ ಭಾರದ ಕೋವಿ. ಅವಳು ತಿರುಗಿಸಿ ಕೊಟ್ಟ ಅಳಿಲಿಗೆ ಒಂದೇ ಏಟು ಸಾಕಾಗುತ್ತಿತ್ತು. ಕಾಡಿನಲ್ಲಿ ಅವರು ಮಾತಾಡುತ್ತಿರಲಿಲ್ಲ. ಮನೆಯಲ್ಲೂ ಅಷ್ಟಕ್ಕಷ್ಟೇ. ಆದರೆ ಮನೆಯ ಮೌನ ಒಂದು ಬಗೆ, ಕಾಡಿನದು ಇನ್ನೊಂದು ಬಗೆ. ಹಿಕರಿ ಮರಗಳ ಕೆಳಗಿನ ಆ ಮೌನದಲ್ಲಿ ಅವಳು ಎಲ್ಲಿದ್ದಾಳೆ ಎಂಬುದು ನೋಡದೆಯೂ ಅವನಿಗೆ ತಿಳಿಯುತ್ತಿತ್ತು. ಎಲೆಯ ಮೇಲೆ ಅವಳ ಹೆಜ್ಜೆ ನಿಂತಿತೆಂದರೆ, ಇನ್ನೇನು ಬಳ್ಳಿ ಅಲುಗುತ್ತದೆ. ಅಳಿಲು ಬಿದ್ದ ಮೇಲೆ ಅವಳು ಮೊಣಕಾಲಿನವರೆಗೆ ಇಬ್ಬನಿ ಹಚ್ಚಿಕೊಂಡು ಬರುತ್ತಿದ್ದಳು.

"ಹೆಂಗಿತ್ತು ಆ ಕಡೆ?" ಎಂದು ಅವನು ಪ್ರತಿ ಸಲವೂ ಕೇಳುವುದು.

"ಒದ್ದೆ," ಎಂದು ಅವಳು ಪ್ರತಿ ಸಲವೂ ಹೇಳುವುದು.

ಹೋದ ಚಳಿಗಾಲ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಕಾಲು ಜಾರಿ ಅವಳ ಸೊಂಟದ ಮೂಳೆ ಮುರಿಯಿತು. ಡಾಕ್ಟರು ಲೋಹದ್ದು ಕೂರಿಸಿದರು. ಮನೆಯೊಳಗೆ ಓಡಾಡುತ್ತಾಳೆ, ಅಡುಗೆಗೆ ತೊಂದರೆಯಿಲ್ಲ. ಆದರೆ ಬೆಟ್ಟದ ಇಳಿಜಾರಿನಲ್ಲಿ ಸುತ್ತುವುದು ಇನ್ನಿಲ್ಲ. ವರ್ಲಿನ್ ಊರುಗೋಲೊಂದನ್ನು ತಂದುಕೊಟ್ಟಿದ್ದ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹಿತ್ತಲಿಗೆ ಒಯ್ದು ಟೊಮ್ಯಾಟೊ ಗಿಡಕ್ಕೆ ಆಸರೆ ನೆಟ್ಟಳು. ಗಿಡ ಅದನ್ನು ತಬ್ಬಿಕೊಂಡು ಬೆಳೆಯಿತು.

ಕೋವಿಯೂ ಊರುಗೋಲಿನ ಹಾಗೆ ಆಗಬಾರದು. 'ನಿನಗೆ ಕೈಲಾಗುವುದಿಲ್ಲವಲ್ಲ, ಅದಕ್ಕೇ ಇದು' ಎಂದು ಅವಳಿಗೆ ಕೇಳಿಸಿತೋ, ಮುಗಿಯಿತು. ಮತ್ತೆ ಯಾವತ್ತೂ ಅವಳು ಕಾಡಿಗೆ ಬರುವುದಿಲ್ಲ. ಅವಳಿಗೆ ಗೊತ್ತಾಗುವ ಮೊದಲೇ ಅದು ಅವಳದಾಗಿಬಿಟ್ಟಿರಬೇಕು. ಇಷ್ಟು ಮಾತ್ರ ವರ್ಲಿನ್‌ನ ತಲೆಯಲ್ಲಿ ಸ್ಪಷ್ಟವಿತ್ತು.

ಜಗಲಿಯ ಮೇಲೆ ಕೂತು ಇಬ್ಬರೂ ಬೀನ್ಸಿನ ನಾರು ಬಿಡಿಸುತ್ತಿದ್ದಾಗ ಅವನು ಹೇಳಿದ, "ಆ ಹದ್ದು ನೋಡಿದ್ಯಾ?"

"ಯಾವ ಹದ್ದು?"

"ಎರಡಿವೆಯಲ್ಲ, ಒಂದರ ರೆಕ್ಕೆ ಹರಿದಿದೆ. ಯಾವುದದು, ತೋರ್ಸು."

"ನಿನಗೆ ಕಣ್ಣಿಲ್ವಾ?"

"ನಿನ್ನಷ್ಟು ಚೆನ್ನಾಗಿಲ್ಲ."

ಡೆಲ್ಫಿಯ ನಿಟ್ಟುಸಿರು ಬಿಟ್ಟು ಕೈಚಾಚಿ ಬೆರಳು ತೋರಿದಳು. ವರ್ಲಿನ್ ಹದ್ದಿನ ಕಡೆ ನೋಡಲಿಲ್ಲ. ಅವಳ ಮುಂದೆ ಬಾಗಿ ಮುಖ ನೋಡಿದ. ಎಡಗೈ. ಬೆರಳ ತುದಿ ನೇರ ಎಡಗಣ್ಣಿನ ಕೆಳಗೆ. ಹಾಗಾದರೆ ಗುರಿ ಹಿಡಿಯುವ ಕಣ್ಣು ಅದೇ. ಆ ಕಣ್ಣು ಬೂದು, ಅದರ ಅಂಚಿನಲ್ಲಿ ಒಂದು ಸಣ್ಣ ಕಂದು ಚುಕ್ಕೆ. ಈ ಚುಕ್ಕೆ ಯಾವಾಗಿನಿಂದ ಇತ್ತು?

"ಹದ್ದು ಮೇಲಿದೆ ಕಣೋ, ನನ್ನ ಮೂಗಿನ ಮೇಲಲ್ಲ," ಎಂದಳು.

*

ಕೋವಿ ಮನೆಗೆ ಬಂತು. ವರ್ಲಿನ್ ಸೌದೆಯ ಕೊಟ್ಟಿಗೆಯಲ್ಲಿ ಅದನ್ನು ಬಿಚ್ಚಿ ಕೂತ. ಅವಳ ದಪ್ಪ ಬಟ್ಟೆಯ ಕೋಟು ಗೂಟದಲ್ಲಿ ನೇತಾಡುತ್ತಿತ್ತು, ಅದರ ತೋಳಿನಲ್ಲಿ ಮೊಣಕೈ ಮಡಿಚಿ ಮಡಿಚಿ ಬಿದ್ದ ಗೆರೆಗಳಿದ್ದವು. ಆ ಗೆರೆಯಿಂದ ತೋಳಿನ ತುದಿಯವರೆಗೆ ದಾರ ಹಿಡಿದು, ಇನ್ನೊಂದು ಬೆರಳುದ್ದ ಸೇರಿಸಿ, ಅಷ್ಟಕ್ಕೆ ಹಿಂಬದಿಯ ಮರ ಕೊಯ್ದ. ಅರದಿಂದ ತೀಡಿದ, ಆಮೇಲೆ ಉಜ್ಜುಕಾಗದ, ಆಮೇಲೆ ಎಣ್ಣೆ. ವಾಲ್ನಟ್ ಮರದ ಪುಡಿ ಬಿಸಿಲ ಕೋಲಿನಲ್ಲಿ ತೇಲುತ್ತ ನಿಂತುಬಿಡುತ್ತಿತ್ತು. ಎಷ್ಟೋ ಹೊತ್ತು ಅವನೂ ಹಾಗೇ ಅದನ್ನು ನೋಡುತ್ತ ಕೂತುಬಿಡುತ್ತಿದ್ದ. ಕೈಯೊಳಗಿನ ಮರ ದಿನದಿನಕ್ಕೆ ಒಬ್ಬರ ತೋಳಿನಂತಾಗುತ್ತಿತ್ತು.

ಉಳಿದದ್ದನ್ನು ಹೋಬರ್ಟ್ ಮಾಡಿದ. ಟ್ರಿಗರ್ ಬಿಗಿ ಮಾಡುವ ಗುಂಡಿಯನ್ನು ಎಡಗೈಗೆ ತಿರುಗಿಸಿದ. ಬೆರಳ ಗಂಟು ನೋಯದಂತೆ ಟ್ರಿಗರ್ ಬದಲಿಸಿದ. ಖಾಲಿ ತೋಟಾ ಬಲಕ್ಕೆ ಹಾರುವುದರಿಂದ ಎಡಭುಜದವರ ಮುಖಕ್ಕೆ ತಾಗದಂತೆ ಸಣ್ಣದೊಂದು ತಡೆ ಕೂರಿಸಿದ. ನಳಿಗೆಯನ್ನೂ ಇನ್ನಷ್ಟು ಸಪೂರದ್ದು ಹಾಕು ಎಂದು ವರ್ಲಿನ್ ಹೇಳಿದಾಗ ಮಾತ್ರ ಒಪ್ಪಲಿಲ್ಲ.

"ಬೇಡ. ತೀರಾ ಹಗುರ ಆದ್ರೆ ಎದೆ ಹೊಡ್ಕೊಳ್ಳೋದೂ ನಳಿಗೆಗೆ ಗೊತ್ತಾಗುತ್ತೆ. ಸ್ವಲ್ಪ ಭಾರ ಇರ್ಲಿ, ಕೈಯನ್ನ ಸುಮ್ಮನಿರಿಸೋಕೆ."

ಡೆಲ್ಫಿಯ ಕೊಟ್ಟಿಗೆಯ ಬಾಗಿಲಿಗೆ ಒಂದೇ ಸಲ ಬಂದಳು. ಕೈಯಲ್ಲಿ ಕಾಫಿಯ ಲೋಟ.

"ಇದು ತಾನೇ ತುಂಬ್ಕೊಳ್ಳೋದಂತೆ?"

"ಹೂಂ."

"ಒಂದಾದ ಮೇಲೊಂದು ಹೊಡೀಬಹುದಂತೆ."

"ಹೂಂ."

ಅವಳು ಲೋಟವನ್ನು ಮರದ ದಿಮ್ಮಿಯ ಮೇಲಿಟ್ಟಳು. "ಒಳ್ಳೇದಾಯ್ತು ಬಿಡು. ಒಂದೇ ಏಟಿನ ಕೋವಿಗೆ ಮರ ಸುತ್ತೋರು ಬೇಕಾಗಿತ್ತು. ಇದಕ್ಕೆ ಯಾರೂ ಬೇಕಾಗಿಲ್ಲ."

ನಗುತ್ತಲೇ ಹೇಳಿದಳು. ವರ್ಲಿನ್‌ನ ಬಾಯಿ ತೆರೆಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು, ಗಿಡಕ್ಕೆ ನೆಟ್ಟ ಊರುಗೋಲನ್ನು ಕಂಡು, ಹಿಂದಕ್ಕೆ ಹೋಯಿತು. ಅವಳ ಹೆಜ್ಜೆಗಳು ಅಂಗಳದಲ್ಲಿ ದೂರವಾದವು. ಒಂದು ಗಟ್ಟಿ, ಒಂದು ಎಳೆದ ಹೆಜ್ಜೆ. ಕಾಫಿ ಹಾಗೇ ತಣ್ಣಗಾಯಿತು.

ಆ ವಾರವೆಲ್ಲ ಮನೆಯ ಮೌನ ಬೇರೆಯಾಗಿತ್ತು. ಅವಳು ಎಂದಿನಂತೆ ಬೀನ್ಸ್ ಬೇಯಿಸಿದಳು, ಮೆಕ್ಕೆಜೋಳದ ಬ್ರೆಡ್ಡು ಮಾಡಿದಳು, ಅವನ ತಟ್ಟೆಗೆ ಬೆಣ್ಣೆ ಹಾಕಿದಳು. ಆದರೆ ಅಡುಗೆಮನೆಯಲ್ಲಿ ಅವಳು ಎಲ್ಲಿದ್ದಾಳೆಂದು ನೋಡದೆ ಅವನಿಗೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಸರಿಮಾಡಲು ಹೋಗಿ ತಾನು ಅವಳ ಜಾಗವನ್ನೇ ಕೊಯ್ದು ಹಾಕಿದೆನೇ? ಮರ ಒಮ್ಮೆ ಕೊಯ್ದರೆ ಮತ್ತೆ ಬೆಳೆಯುವುದಿಲ್ಲ. ಸಿದ್ಧವಾದ ಕೋವಿಯನ್ನು ಅವನು ಅಡುಗೆಮನೆಯ ಬಾಗಿಲ ಮೇಲಿನ ಕೊಕ್ಕೆಗಳಿಗೆ ನೇತುಹಾಕಿದ, ತೋಟಾ ತುಂಬದೆ. ಅವಳು ಅದರ ಕೆಳಗೇ ದಾಟಿ ಹೋಗುತ್ತಿದ್ದಳು, ತಲೆಯೆತ್ತದೆ.

ಒಂದು ಸಂಜೆ ಅವನು ಬೇಲಿಯ ತಂತಿ ಬಿಗಿದು ವಾಪಸಾದಾಗ ಡೆಲ್ಫಿಯ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೋವಿ ಅವಳ ಎಡಭುಜದಲ್ಲಿತ್ತು. ನಳಿಗೆ ಅಂಗಳದಾಚೆಯ ಪರ್ಸಿಮನ್ ಮರದ ಕಡೆ ನೆಟ್ಟಿತ್ತು. ಅವಳ ಕೆನ್ನೆ ಕೋವಿಯ ಮರಕ್ಕೆ ತಾಗಿದ ರೀತಿ ನೋಡಿ ವರ್ಲಿನ್ ನಿಂತಲ್ಲೇ ನಿಂತ. ಕನಸಿನಲ್ಲಿ ಯಾರೋ ಗುರುತಿನವರನ್ನು ಕಂಡಂತೆ.

"ಧೂಳು ಒರೆಸೋಣ ಅಂತ ಇಳಿಸ್ದೆ," ಎಂದಳು, ಅವನತ್ತ ತಿರುಗದೆ. "ಇದು ನಿನಗೆ ಗಿಡ್ಡ."

"ಹೂಂ. ಕೊಯ್ಯೋವಾಗ ಅಳತೆ ತಪ್ಪಿತು."

"ಗುಂಡಿ ಎಡಗಡೆ ಇದೆ."

"ಹೋಬರ್ಟ್ ತಪ್ಪು ಕೂರಿಸಿದ್ದಾನೆ ಅನ್ಸುತ್ತೆ."

"ಹೋಬರ್ಟ್ ಹೆಂಡತಿ ಹೆಸರು ತಪ್ಪಿ ಕರೀಬಹುದು. ಕೋವಿ ವಿಷಯದಲ್ಲಿ ತಪ್ಪೋನಲ್ಲ." ಅವಳು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮರದ ಮೇಲೆ ಅಂಗೈ ಸವರಿದಳು. ಪರ್ಸಿಮನ್ ಮರದಿಂದ ಹಕ್ಕಿಯೊಂದು ಎದ್ದು ಹೋಯಿತು. "ಹದ್ದಂತೆ, ಹದ್ದು," ಎಂದಳು ಕೊನೆಗೆ.

ವರ್ಲಿನ್ ಟೋಪಿ ತೆಗೆದು ಒಳಗೆ ನೋಡಿದ, ಅಲ್ಲೇನೋ ಬರೆದಿದೆ ಎಂಬಂತೆ.

"ತೋಟಾ ಎಲ್ಲಿಟ್ಟಿದ್ದೀಯ?"

ಮರುದಿನದಿಂದ ಹಿತ್ತಲಲ್ಲಿ ಟೊಮ್ಯಾಟೊ ಗಿಡಗಳಾಚೆ, ಗುಡ್ಡದ ಮಣ್ಣಿಗೆ ಒರಗಿಸಿ ಇಟ್ಟ ಖಾಲಿ ಡಬ್ಬಿಗಳು ಉರುಳುವ ಸದ್ದು ಕೇಳತೊಡಗಿತು. ಮೊದಮೊದಲು ಅಪರೂಪಕ್ಕೆ. ಆಮೇಲೆ ಪ್ರತಿ ಏಟಿಗೂ.

*

ಬೇಟೆಯ ಕಾಲ ಶುರುವಾದ ಬೆಳಿಗ್ಗೆ ಅವರು ಪಿಕಪ್ಪಿನಲ್ಲಿ ಮರ ಸಾಗಿಸುವ ಹಳೆಯ ದಾರಿ ಹಿಡಿದು ಬೆಟ್ಟದ ಅರ್ಧಕ್ಕೆ ಹೋದರು. ದಾರಿಯ ಪಕ್ಕದಲ್ಲೇ ಅವರ ಹಿಕರಿ ಮರ. ವರ್ಲಿನ್ ಮಡಚುವ ಕುರ್ಚಿಯೊಂದನ್ನು ಬೀಚ್ ಮರಕ್ಕೆ ಆನಿಸಿಟ್ಟ. ಡೆಲ್ಫಿಯ ಕೂತಳು, ತೋಟಾ ತುಂಬಿದಳು, ನಳಿಗೆಯನ್ನು ಆಕಾಶಕ್ಕೆ ಮಾಡಿದಳು. ಮಂಜು ಎಲ್ಲಿ ನೋಡಿದರಲ್ಲಿ ನಿಂತಿತ್ತು. ಮರಗಳು ಒಂದೊಂದಾಗಿ ಅದರೊಳಗಿನಿಂದ ಬರುತ್ತಿದ್ದವು, ಮತ್ತೆ ಹೋಗುತ್ತಿದ್ದವು. ಮೇಲೆಲ್ಲೋ ಅಳಿಲೊಂದು ಕಾಯಿ ಕಡಿಯುತ್ತಿತ್ತು. ಸಿಪ್ಪೆಯ ಚೂರುಗಳು ಎಲೆಯಿಂದ ಎಲೆಗೆ ಬೀಳುವ ಸದ್ದು, ಮಳೆ ಬರಲೋ ಬೇಡವೋ ಎಂದು ಯೋಚಿಸುವಂತೆ.

ಅವಳು ಗಲ್ಲ ಎತ್ತಿ ಸನ್ನೆ ಮಾಡಿದಳು: ಹೋಗು.

ವರ್ಲಿನ್ ಸುತ್ತಿಕೊಂಡು ಹೊರಟ. ಇಳಿಜಾರು ಅವನು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ಅಂಟಿಕೊಂಡಿತು. ಮರದ ಆಚೆ ಬದಿಗೆ ಬಂದು ನಿಂತು ತಲೆಯೆತ್ತಿದಾಗ ಎದುರಿಗೆ ಕಾಂಡವೊಂದೇ ಇತ್ತು. ಕುರ್ಚಿ ಕಾಣಲಿಲ್ಲ. ಅವಳೂ ಕಾಣಲಿಲ್ಲ. ಇದೇ ಮರವನ್ನು ಅವನು ಎಷ್ಟು ವರ್ಷ ನೋಡಿದ್ದ! ಆದರೆ ಈ ಕಡೆಯಿಂದ ಅದು ಬೇರೆಯ ಮರ. ಪಾಚಿ ಹಿಡಿದು ಕಪ್ಪಗಿತ್ತು. ಅದರ ಹಿಂದೆ, ಮಂಜಿನೊಳಗೆ, ಒಂದು ನಳಿಗೆ ತನ್ನ ದಿಕ್ಕಿಗೇ ಏಳುತ್ತಿದೆ. ಅದು ಮೇಲಕ್ಕೇ ನೋಡುತ್ತದೆ, ಅವನಿಗೆ ಗೊತ್ತು. ಅವಳ ಕೈ ನಡುಗುವುದಿಲ್ಲ, ಅದೂ ಗೊತ್ತು. ಆದರೂ ಗೊತ್ತಿರುವುದೆಲ್ಲ ಮರದ ಆ ಕಡೆಯೇ ಉಳಿದುಬಿಟ್ಟಿತ್ತು. ಈ ಕಡೆ ಇದ್ದದ್ದು ಒದ್ದೆ, ಮತ್ತು ತನ್ನ ಎದೆಬಡಿತ.

ಒಬ್ಬ ಹುಡುಗಿ ಮದುವೆಯ ಹೊಸತರಲ್ಲಿ ಇಲ್ಲಿ ಬಂದು ನಿಂತಿದ್ದಳು. ಆಗ ಅವನಿಗೆ ಗುರಿಯೂ ಅಷ್ಟು ಚೆನ್ನಾಗಿರಲಿಲ್ಲ. ಅವಳು ನಿಂತು, ಉಸಿರು ಬಿಗಿಹಿಡಿದು, ಕೈಚಾಚಿ ಬಳ್ಳಿ ಹಿಡಿದಿದ್ದಳು. ಮರುವರ್ಷವೂ. ಅದರ ಮರುವರ್ಷವೂ.

ಬಳ್ಳಿ ಅಲ್ಲೇ ಇತ್ತು. ಕೈಗೆ ತಾಗುವ ಎತ್ತರದಲ್ಲಿ ಅದರ ತೊಗಟೆ ಸವೆದು ನುಣ್ಣಗಾಗಿತ್ತು. ವರ್ಲಿನ್ ಅದನ್ನು ಹಿಡಿದ. ಆಮೇಲೆ ಅಲುಗಿಸಿದ.

ಮೇಲೆ ಉಗುರುಗಳು ತೊಗಟೆ ಕೆರೆದವು. ಬಾಲದ ಬೂದು ಹೊಗೆ ಕಾಂಡ ಬಳಸಿ ಆಚೆ ಮಾಯವಾಯಿತು. ಮೌನ. ಅದು ಎಷ್ಟು ಉದ್ದವಿತ್ತೆಂದರೆ, ಅವಳು ಎದ್ದು ಮನೆಗೆ ಹೋಗಿರಬಹುದು ಎನಿಸಿತು. ಆಮೇಲೆ ಒಂದೇ ಒಂದು ಸದ್ದು, ಒಣಕಡ್ಡಿ ಮುರಿದಷ್ಟು. ಎಲೆಗಳ ಮೇಲೆ ಏನೋ ಬಿತ್ತು.

ಅವನು ಸುತ್ತಿ ಬಂದಾಗ ಡೆಲ್ಫಿಯ ಕೋವಿಯ ಗುಂಡಿ ಒತ್ತಿ ಭದ್ರ ಮಾಡುತ್ತಿದ್ದಳು. ಟೋಪಿಯಡಿಯಿಂದ ಜಾರಿದ ಕೂದಲು ಮಂಜಿಗೆ ಹಣೆಗಂಟಿತ್ತು. ಇಷ್ಟು ದಿನ ಎಲ್ಲೋ ಹೋಗಿದ್ದವಳು ವಾಪಸು ಬಂದು ಕೂತಂತಿತ್ತು ಮುಖ.

"ಒಂದೇ ಏಟು," ಎಂದಳು. "ಉಳಿದ ತೋಟಾ ದಂಡ. ಹೋಬರ್ಟ್‌ಗೆ ಹೇಳು, ತಾನೇ ತುಂಬ್ಕೊಳ್ಳೋ ಕೋವಿಗೆ ಕೆಲ್ಸಾನೇ ಇಲ್ಲ ಅಂತ."

"ಹೇಳ್ತೀನಿ."

ಅವಳು ಅವನ ತೊಯ್ದ ಪ್ಯಾಂಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆ ಬೂದು ಕಣ್ಣು ಸ್ವಲ್ಪ ಕಿರಿದಾಯಿತು.

"ಹೆಂಗಿತ್ತು ಆ ಕಡೆ?"

ವರ್ಲಿನ್ ಬಗ್ಗಿ ಅಳಿಲನ್ನು ಎತ್ತಿಕೊಂಡ. ಅದರ ಮೈ ಇನ್ನೂ ಬೆಚ್ಚಗಿತ್ತು.

"ಒದ್ದೆ," ಎಂದ.

ಡೆಲ್ಫಿಯ ನಕ್ಕಳು. ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇನ್ನೊಂದು ಅಳಿಲಿಗಾಗಿ ಮರಕ್ಕೆ ಒರಗಿದಳು. ಮರದ ಆಚೆ ತನಗೆ ಹೆದರಿಕೆಯಾಗಿತ್ತು ಎಂದು ವರ್ಲಿನ್ ಅವಳಿಗೆ ಯಾವತ್ತೂ ಹೇಳಲಿಲ್ಲ.