ಗದ್ದೆ ಮಣ್ಣು ಗದ್ದೆಯಲ್ಲೇ ಇರಲಿ

ಸಿಂಧನೂರು ಬೆಳೆಯುತ್ತಿದೆ. ಹೊಸ ಬಡಾವಣೆ, ಹೊಸ ಮನೆ. ಸಂತೋಷವೇ. ಆದರೆ ಅಷ್ಟು ಇಟ್ಟಿಗೆಗೆ ಮಣ್ಣು ಎಲ್ಲಿಂದ ಬರಬೇಕು? ಗೊರೇಬಾಳದ ರೈತ ಮರಿಸ್ವಾಮಿಯವರು ಅದನ್ನು ಯೋಚಿಸಿರಲಿಲ್ಲ.

ಪಟ್ಟಣದ ಸೈಟಿನಲ್ಲಿ ಅವರು ಮನೆ ಕಟ್ಟಿಸಬೇಕಿತ್ತು. ಇಟ್ಟಿಗೆ ಭಟ್ಟಿಯವನೊಬ್ಬ ಬಂದು, "ಗದ್ದಿ ಮ್ಯಾಲಿನ ಎರಡಡಿ ಮಣ್ಣು ಕೊಡ್ರಿ. ಮನಿಗೆ ಬೇಕಾದ ಇಟ್ಟಂಗಿ ಪುಕ್ಸಟ್ಟೆ" ಎಂದ. ಇವರು ಹೂಂ ಅಂದುಬಿಟ್ಟರು. ಮರುದಿನವೇ ಜೆಸಿಬಿ ಬರುವುದಿತ್ತು.

ಹೆಂಡತಿ ಕಲ್ಯಾಣಮ್ಮ ಒಪ್ಪಲಿಲ್ಲ. "ಬಾಜೂ ಗದ್ದಿ ನೋಡೀರಿಲ್ಲೋ? ಮಣ್ಣು ತಗದು ಮೂರು ವರ್ಷ ಆತು. ಎಷ್ಟು ಗೊಬ್ಬರ ಸುರುವಿದ್ರೂ ನೆಲ್ಲು ಗೇಣುದ್ದಕ್ಕ ನಿಂತೈತಿ."

"ಮತ್ತ ಮನಿ ಗಾಳಿಲೇ ಕಟ್ಟಲೇನು?"

ಕಲ್ಯಾಣಮ್ಮ ಮಸ್ಕಿಯ ಗೆಳತಿ ಶೇಖರಮ್ಮನವರಿಗೆ ಫೋನು ಹಚ್ಚಿದರು. ಶೇಖರಮ್ಮ ತಮ್ಮೂರ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಇಟ್ಟಿಗೆ ಮಾಡಿ ಮಾರುವವರು. ಮಧ್ಯಾಹ್ನವೇ ಸ್ಕೂಟಿಯಲ್ಲಿ ಎರಡು ಬೂದುಬಣ್ಣದ ಇಟ್ಟಿಗೆ ಇಟ್ಟುಕೊಂಡು ಬಂದರು.

ಮರಿಸ್ವಾಮಿ ಮುಖ ಸಿಂಡರಿಸಿದರು. "ಇದೇನವ್ವಾ, ಸುಡುಗಾಡ ಬಣ್ಣ?"

"ಹಾರುಬೂದಿ ರೀ ಅಣ್ಣಾರ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರಲ್ಲ, ಅಲ್ಲಿ ಉಳಿದದ್ದು. ಅದಕ್ಕ ಸಿಮೆಂಟು, ಕಲ್ಲುಪುಡಿ ಕಲಸಿ ಮಷೀನಿನಾಗ ಒತ್ತೀವಿ. ಮೂರು ವಾರ ನೀರು ಹೊಡೀತೀವಿ. ಗದ್ದಿ ಮಣ್ಣು ಬ್ಯಾಡ, ಭಟ್ಟಿಗೆ ಕಟ್ಟಿಗಿ ಬ್ಯಾಡ."

"ಬೂದಿ ಗ್ವಾಡಿ ನಡುವ ಸಂಸಾರ ಮಾಡಂತೀಯಾ? ಶುಭ ಅಲ್ಲ ಬಿಡು."

ಶೇಖರಮ್ಮ ಅವರ ಹಣೆಯನ್ನೇ ನೋಡಿದರು. ಮೂರು ಬೆರಳಿನ ವಿಭೂತಿ ಬೆಳ್ಳಗೆ ಹೊಳೆಯುತ್ತಿತ್ತು.

"ಮುಂಜಾನೆ ಹಣಿಗೆ ಹಚ್ಚಿದ್ದು ಏನ್ರೀ, ಸುಣ್ಣ ಏನು?"

ಕಲ್ಯಾಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮರಿಸ್ವಾಮಿ ಹಣೆ ಮುಟ್ಟಿಕೊಂಡರು. ಸಿಟ್ಟು ಮಾಡಲು ನೋಡಿದರು, ಬರಲಿಲ್ಲ.

"ಮಾತು ಗಟ್ಟಿ ಐತಿ. ಇಟ್ಟಂಗಿ?"

ಶೇಖರಮ್ಮ ಇಟ್ಟಿಗೆಗೆ ಇಟ್ಟಿಗೆ ಬಡಿದರು. ಠಣ್ ಎಂದಿತು. ಒಂದನ್ನು ಬಕೆಟ್ಟಿನ ನೀರಿಗೆ ಹಾಕಿ, ಅದು ನೆನೆಯುವವರೆಗೆ ಚಹಾ ಕುಡಿದರು. ಆಮೇಲೆ ಮರಿಸ್ವಾಮಿಯವರೇ ಅದನ್ನು ಮೊಳೆಯಿಂದ ಗೀರಿ ನೋಡಿದರು. ಒಂದು ಚೂರೂ ಉದುರಲಿಲ್ಲ. "ಹೆಣ್ಮಕ್ಕಳು ಮಾಡಿದ್ದಾ ಇದು? ಭಲೇ!"

ಆದರೂ ಮನಸ್ಸು ಎಳೆಯಿತು. "ಭಟ್ಟಿ ಇಟ್ಟಂಗಿ ಪುಕ್ಸಟ್ಟೆ ಇತ್ತಲ್ಲ…"

"ಗದ್ದೀನ ಕೊಟ್ಟು ತಗೊಳ್ಳೋದು ಪುಕ್ಸಟ್ಟೆ ಏನ್ರೀ?" ಎಂದರು ಕಲ್ಯಾಣಮ್ಮ.

ಮರಿಸ್ವಾಮಿ ಅಲ್ಲೇ ಭಟ್ಟಿಯವನಿಗೆ ಫೋನು ಮಾಡಿದರು. "ತಮ್ಮಾ, ಜೆಸಿಬಿ ತರಬ್ಯಾಡ. ಮಣ್ಣು ಕೊಡಂಗಿಲ್ಲ."

ಫೋನಿಟ್ಟವರಿಗೆ ಹುರುಪು ಬಂತು. "ಬೂದಿ ಹ್ಯಾಂಗೂ ಗುಡ್ಡೆ ಬಿದ್ದೈತಿ. ಮ್ಯಾಲೊಂದು ಅಂತಸ್ತು ಎಬ್ಬಿಸಿಬಿಡೋಣೇನು?"

"ಇರೋರು ನಾವಿಬ್ರು. ಮ್ಯಾಲ ಇಲಿ ಸಾಕ್ತೀರೇನು? ಸಿಮೆಂಟು, ನೀರು ಆಕಾಶದಿಂದ ಉದುರ್ತಾವಾ?" ಎಂದು ಕಲ್ಯಾಣಮ್ಮ ಗದರಿದರು.

ಮರಿಸ್ವಾಮಿ ಬೇಕಾದಷ್ಟೇ ಬೂದಿ ಇಟ್ಟಿಗೆಗೆ ಶೇಖರಮ್ಮನವರಿಗೆ ಮುಂಗಡ ಕೊಟ್ಟರು. ಮನೆ ಒಂದೇ ಅಂತಸ್ತಿನದಾಯಿತು. ಗೊರೇಬಾಳದ ಗದ್ದೆಯಲ್ಲಿ ಈ ಸಲವೂ ನೆಲ್ಲು ಸೊಂಟದೆತ್ತರ ನಿಂತಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಮನೆ ಕಟ್ಟಿಸುವ ಅಕ್ಕ-ಅಣ್ಣಂದಿರೇ, ಬೂದಿ ಇಟ್ಟಿಗೆಯನ್ನು ಒಮ್ಮೆ ಬಡಿದು, ನೆನೆಸಿ, ಗೀರಿ ನೋಡಿ. ಗಟ್ಟಿ ಇದ್ದರೆ ಕೊಳ್ಳಿ. ಬೇಕಾದಷ್ಟೇ ಕಟ್ಟಿಸಿ. ಗೋಡೆ ಬಿದ್ದರೆ ಗೌಂಡಿ ಮತ್ತೆ ಕಟ್ಟಿಕೊಡುತ್ತಾನೆ. ಎರಡಡಿ ಗದ್ದೆ ಮಣ್ಣನ್ನು ಕಟ್ಟಿಕೊಡುವ ಗೌಂಡಿ ಇನ್ನೂ ಹುಟ್ಟಿಲ್ಲ.