ಸ್ವರವಿಲ್ಲದ ಹಲ್ಲಿ

ಕ್ಯಾಸ್ಮಿರ್ ಮಾಸ್ಟ್ರಿಗೆ ಹಲ್ಲಿಯ ಹುಚ್ಚು ಹಿಡಿದಿದೆ ಎಂದು ಗಲ್ಫಿನ ಸಲಾಲಾದಲ್ಲಿದ್ದ ನಮ್ಮ ಕಡೆಯವರೆಲ್ಲ ನಗುತ್ತಿದ್ದರು. ಎಲ್ಲರಿಗಿಂತ ಮೊದಲು ನಕ್ಕವನು ಗುರುವನೇ. ಮಾಸ್ಟ್ರು ಶಿರ್ವದವರು, ಇಂಡಿಯನ್ ಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವರು. ಉಚ್ಚಿಲದ ಗುರುವ ಒಂದು ಸರ್ವೆ ಆಫೀಸಿನ ಅಡುಗೆಯವನು. ಆ ಆಫೀಸು ಪ್ರತಿ ಚಳಿಗಾಲದ ರಜೆಯಲ್ಲಿ ಮಾಸ್ಟ್ರನ್ನು ಒಂದು ಬೋಳು ದ್ವೀಪಕ್ಕೆ ಹಲ್ಲಿ ಎಣಿಸಲಿಕ್ಕೆ ಕಳಿಸುತ್ತಿತ್ತು. ಮಿರ್ಬಾತ್‌ನಿಂದ ಲಾಂಚಿನಲ್ಲಿ ಆರು ತಾಸಿನ ದಾರಿ. ಗಂಜಿ ಬೇಯಿಸಲಿಕ್ಕೆ ಗುರುವ ಜತೆಗೆ.

ಎಂಬತ್ತಾರರ ಡಿಸೆಂಬರಿನಲ್ಲಿ ಮೊದಲ ಸಲ ಅಲ್ಲಿ ಕಾಲಿಟ್ಟಾಗ, ಹುಲ್ಲುಕಡ್ಡಿಯೂ ಇಲ್ಲದ ಈ ಬಂಡೆಯಲ್ಲಿ ಹಲ್ಲಿ ಏನು ತಿಂದು ಬದುಕುತ್ತದೆ ಎಂದು ಗುರುವ ಕೇಳಿದ್ದ. ಕಡಲಹಕ್ಕಿಗಳ ಹಿಕ್ಕೆಗೆ ನೊಣ, ಹುಳ ಬರುತ್ತವೆ, ಅದೇ ಅದರ ಊಟ ಎಂದರು ಮಾಸ್ಟ್ರು. ಹಗಲೆಲ್ಲ ಚಪ್ಪಟೆ ಕಲ್ಲಿನಡಿ ತಂಪಿನಲ್ಲಿರುತ್ತದೆ. ಹೊತ್ತು ಮುಳುಗಿ ಕಲ್ಲು ಆರಿದ ಮೇಲೆ ಹೊರಗೆ ಬರುತ್ತದೆ. ಬೆರಳುದ್ದದ ಪ್ರಾಣಿ, ಬಾಲಕ್ಕೆ ಕಪ್ಪು ಪಟ್ಟೆ. ಸುತ್ತಲಿನ ನಾಲ್ಕು ದ್ವೀಪಗಳನ್ನೂ ಮಾಸ್ಟ್ರು ಜಾಲಾಡಿದ್ದರು, ಎಲ್ಲಿಯೂ ಇಲ್ಲ. ಇಲ್ಲಿ ಮಾತ್ರ, ಅದೂ ಬಡಗಿನ ಇಳಿಜಾರಿನಲ್ಲಿ. ಆ ವರ್ಷ ಇನ್ನೂರ ಹದಿನಾಲ್ಕು ಸಿಕ್ಕಿದವು. ನಗುತ್ತ ಹೋದ ಗುರುವ ಮೂರನೆಯ ದಿನಕ್ಕೆ ತಾನೇ ಟಾರ್ಚು ಹಿಡಿದು, ಮಾಸ್ಟ್ರಿಗಿಂತ ಮುಂಚೆ ಕಲ್ಲಿನ ಸಂದಿಯ ಕಣ್ಣಿನ ಹೊಳಪು ಕಾಣತೊಡಗಿದ. ಹಿಂದಿರುಗಿದ ಮೇಲೆ ಅವನ ಬಾಯಲ್ಲಿ ಬರೀ ‘ನಮ್ಮ ಹಲ್ಲಿ’ಯ ಸುದ್ದಿ.

ಟೆಂಟಿನೊಳಗೆ ಮಾತ್ರ ಹಗಲು ಕೂರಲಾಗುತ್ತಿರಲಿಲ್ಲ, ಬಾಣಲೆಯಲ್ಲಿ ಕೂತ ಹಾಗೆ. ಮರುವರ್ಷ ಗುರುವ ಒಂದು ಉಪಾಯ ಮಾಡಿದ. ಸಲಾಲಾದಲ್ಲಿ ತೆಂಗಿಗೇನು ಬರವೇ? ತೋಟದವರನ್ನು ಕೇಳಿ ಬಿದ್ದ ಮಡಲು ತಂದು, ನೀರಿನಲ್ಲಿ ನೆನೆಹಾಕಿ, ಊರಿನಲ್ಲಿ ಮಾಡುವ ಹಾಗೆಯೇ ನಲವತ್ತು ಮಡಲು ಹೆಣೆದ. ಒಣಗಲೆಂದು ಒಂದು ತಿಂಗಳು ಕೋಣೆಯ ಹಿಂದಿನ ಗೋಡೆಗೆ ಒರಗಿಸಿಟ್ಟ. ಅದನ್ನೆಲ್ಲ ಹೇರುವಾಗ ಲಾಂಚಿನ ಮುಹಿಯುದ್ದೀನ್ ಬ್ಯಾರಿ, ಮದುವೆ ಯಾರಿಗೆ, ಮಾಸ್ಟ್ರಿಗಾ ಹಲ್ಲಿಗಾ ಎಂದು ಚೇಷ್ಟೆ ಮಾಡಿದ. ದ್ವೀಪದಲ್ಲಿ ಚಪ್ಪರ ಎದ್ದಾಗ ಮಾಸ್ಟ್ರೇ ಅದರಡಿ ಕಾಲು ಚಾಚಿ ಮಲಗಿ, ಸ್ವರ್ಗ ಮಾರಾಯ ಅಂದರು.

ಎಂಬತ್ತೆಂಟರಲ್ಲಿ, ಮೂರನೆಯ ಸಲ ಹೋದ ದಿನವೇ, ಮಧ್ಯಾಹ್ನ ಹಿಂದಿನ ವರ್ಷದ ಚಪ್ಪರದಡಿ ಚಾ ಕುಡಿಯುತ್ತಿದ್ದರು. ಮೇಲಿನಿಂದ ಲೊಚ್ ಲೊಚ್ ಲೊಚ್ ಎಂದು ಕೇಳಿತು. ಗುರುವ ಖುಷಿಯಲ್ಲಿ ಪಕ್ಕದ ಹಲಗೆಗೆ ಬೆರಳಿನಿಂದ ಮೂರು ಸಲ ಬಡಿದ.

“ಎಂಥ ಬಡಿದದ್ದು?” ಮಾಸ್ಟ್ರು ಕೇಳಿದರು.

“ಹಲ್ಲಿ ಲೊಚಗುಟ್ಟಿತಲ್ಲ ಮಾಸ್ಟ್ರೇ. ಮನೆಯಲ್ಲಿ ಕೂತ ಹಾಗೆ ಆಯ್ತು.”

ಮಾಸ್ಟ್ರು ಲೋಟ ಕೆಳಗಿಟ್ಟರು. “ಇಲ್ಲಿನ ಹಲ್ಲಿಗೆ ಸ್ವರ ಇಲ್ಲ ಗುರುವ.”

ಗುರುವನಿಗೆ ಸಲಾಲಾದ ಕೋಣೆಯ ಹಿಂದಿನ ಗೋಡೆ ನೆನಪಾಯಿತು, ಮಡಲು ಒಂದು ತಿಂಗಳು ಒರಗಿದ್ದ ಗೋಡೆ. ಇಬ್ಬರೂ ಮಡಲು ಕಳಚತೊಡಗಿದರು. ಹೆಣಿಗೆಯ ಮಡಿಕೆಗಳಲ್ಲಿ ಬಟಾಣಿಯಂಥ ಬಿಳಿ ಮೊಟ್ಟೆಗಳು ಜೋಡಿ ಜೋಡಿಯಾಗಿ ಅಂಟಿದ್ದವು. ಹೆಚ್ಚಿನವು ಒಡೆದು ಖಾಲಿ. ಕೈಗೆ ಸಿಕ್ಕಿದ ದೊಡ್ಡ ಮನೆಹಲ್ಲಿಗಳು ಹದಿನಾಲ್ಕು. ಉಳಿದವು ಯಾವಾಗಲೋ ಕಲ್ಲಿನ ಸಂದಿ ಸೇರಿದ್ದವು. ಚಪ್ಪರ ಸುಟ್ಟರು. ಮನೆಹಲ್ಲಿ ಒಳ್ಳೆಯ ಸಂದಿಗಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಇಲ್ಲಿನ ಚಿಕ್ಕ ಹಲ್ಲಿಯ ಮರಿಯನ್ನು ತಿನ್ನುತ್ತದೆ ಎಂದು ಮಾಸ್ಟ್ರು ವಿವರಿಸಿದರು. ಬೈಯಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಪಟ್ಟೆಬಾಲದವು ತೊಂಬತ್ತು.

ಮುಂದಿನ ಎರಡು ರಜೆ ಗುರುವ ಊರಿಗೆ ಹೋಗಲಿಲ್ಲ. ರಜೆಯನ್ನೆಲ್ಲ ಮಾಸ್ಟ್ರ ಜತೆ ದ್ವೀಪದಲ್ಲಿಯೇ ಕಳೆದ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗುಡಿಸುವ ಹಿಡಿಸೂಡಿ. ನೂರಾರು ಮನೆಹಲ್ಲಿ ಹೊಡೆದ. ಒಂದು ಮುಸ್ಸಂಜೆ ಹೊಡೆದು ಬೀಳಿಸಿದ್ದನ್ನು ಎತ್ತಿ ನೋಡಿದರೆ ಬಾಲದಲ್ಲಿ ಕಪ್ಪು ಪಟ್ಟೆ. ಅಂಗೈಯಲ್ಲಿ ಇಟ್ಟುಕೊಂಡು ಬಂದು ಮಾಸ್ಟ್ರಿಗೆ ತೋರಿಸಿದ. ಅವರು ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡರು, ಅಷ್ಟೆ.

ತೊಂಬತ್ತೊಂದರಲ್ಲಿ ಹನ್ನೊಂದು. ತೊಂಬತ್ತಮೂರರಲ್ಲಿ ಒಂಬತ್ತು ದಿನ ಹುಡುಕಿದರೂ ಒಂದೂ ಇಲ್ಲ. ಕೊನೆಯ ಸಂಜೆ ಬಡಗಿನ ಬಂಡೆಯ ಎತ್ತರದ ಬಿರುಕಿನಲ್ಲಿ ಪಟ್ಟೆಬಾಲ ಸರಿದದ್ದನ್ನು ಗುರುವ ಕಂಡ. ಮಾಸ್ಟ್ರು ಅರವತ್ತರ ಹತ್ತಿರದ ಮನುಷ್ಯ, ಆದರೂ ಹತ್ತಿ ಹೋಗಿ ಬೆಳಕು ಬಿಟ್ಟು ನೋಡಿದರು. ಏನೂ ಕಾಣಲಿಲ್ಲ. ಒಂದು ಎಂದಾದರೂ ಬರೆಯಿರಿ ಎಂದು ಗುರುವ ಅಂಗಲಾಚಿದ.

“ನಾನು ನೋಡದ್ದನ್ನು ಬರೀಲಿಕ್ಕೆ ಆಗುದಿಲ್ಲ ಗುರುವ.”

“ಹಾಗಾದ್ರೆ ನನ್ನ ಮಡಲಿನದ್ದು ಬರೀರಿ. ಅದನ್ನು ನೀವು ನೋಡಿದ್ದೀರಲ್ಲ.”

ಅದನ್ನು ಬರೆದರು. ಆ ವರದಿ ಆಫೀಸಿಗೆ ಹೋದ ದಿನ ಗುರುವ ಒಗೆದ ಅಂಗಿ ತೊಟ್ಟು, ಕೆಲಸ ಹೋಗುತ್ತದೆಂದೇ ಬಾಗಿಲಲ್ಲಿ ನಿಂತಿದ್ದ. ದೊಡ್ಡ ಸಾಹೇಬರು ಓದಿ, ತಲೆಯಾಡಿಸಿ, ಅವನನ್ನು ಚಾ ತರಲು ಕಳಿಸಿದರು. ಚಾ ತರುವಷ್ಟರಲ್ಲಿ ತೀರ್ಮಾನವಾಗಿತ್ತು. ಎಣಿಸಲು ಏನೂ ಇಲ್ಲದ ಮೇಲೆ ಆ ದ್ವೀಪಕ್ಕೆ ಲಾಂಚು ಯಾಕೆ, ಖಲಾಸ್.

ಮರುದಿನವೇ ಗುರುವ ಮಿರ್ಬಾತ್‌ಗೆ ಹೋದ. ಮುಹಿಯುದ್ದೀನ್ ಲಾಂಚಿಗೆ ಸಿಮೆಂಟು ಹೇರಿಸುತ್ತಿದ್ದ. ಒಂದೇ ಒಂದು ಸಲ ನನ್ನನ್ನು ಅಲ್ಲಿ ಇಳಿಸಿ ಬಾ, ಒಂದು ಉಳಿದಿದೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದ. ಲಾಂಚಿನ ಧಣಿ ಕಫೀಲ್ ಡೀಸೆಲ್ ಅಳೆದು ಕೊಡುತ್ತಾನೆ, ಎಲ್ಲಿಂದ ತರಲಿ ಎಂದ ಮುಹಿಯುದ್ದೀನ್. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದ.

“ಒಂದು ಇದ್ದು ಎಂಥ ಪ್ರಯೋಜನ ಗುರುವಣ್ಣ? ಒಂಟಿ ಅಲ್ವಾ ಅದು.”

“ಒಂಟಿ ಅಂತ ಅದಕ್ಕೆ ಗೊತ್ತಿಲ್ಲ ಅಲ್ವಾ ಬ್ಯಾರಿಗಳೇ. ಸಂಜೆ ಆದ್ರೆ ಹೊರಗೆ ಬಂದು ಹುಡುಕ್ತದೆ.”

ಮುಹಿಯುದ್ದೀನ್ ಸಿಮೆಂಟಿನ ಕಡೆ ತಿರುಗಿದ. ಇನ್ನೂ ಇಪ್ಪತ್ತು ಮೂಟೆ ಹೇರುವುದಿತ್ತು.