ಗೇಟಕ್ಕನ ಎರಡನೆಯ ಕೂಗು

ಹಿಂದೂಪುರದ ಮಾರ್ಕೆಟ್ಟಿನ ಹಿಂದಿದ್ದ ನೆಟ್ ಸೆಂಟರಿಗೆ ಆ ವಾರ ಸಾವಿನ ಮನೆಯ ಕಳೆ ಬಂದಿತ್ತು. ಸತ್ತವಳು ಗೇಟಕ್ಕ.

ಅವಳು ಕಂಪ್ಯೂಟರ್ ಆಟದೊಳಗಿನ ಹೆಂಗಸು. ಯಾವುದೋ ದೇಶದವರು ಇಂಟರ್ನೆಟ್ಟಿನಲ್ಲಿ ನಡೆಸುವ ಆ ಆಟದಲ್ಲಿ ಒಂದು ಕೋಟೆಯೂರು. ಕಾಡು ಸುತ್ತಿ, ರಾಕ್ಷಸರ ಕೈಲಿ ಪೆಟ್ಟು ತಿಂದು ಬಂದವರಿಗೆಲ್ಲ ಬಾಗಿಲು ತೆಗೆಯುವವಳು ಇವಳು. ಅವಳ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ಗೇಟಕ್ಕ ಎಂದಾಗಿತ್ತು. "ಬಂದೆಯಾ? ಮೊದಲು ಊಟ ಮಾಡು" ಎನ್ನುವುದೊಂದೇ ಅವಳ ಮಾತು. ಗೆದ್ದವರಿಗೂ ಅದೇ, ಸೋತವರಿಗೂ ಅದೇ.

ಡಿಗ್ರಿ ಓದುವ ತನುಜಾ ಆ ಮಾತಿಗಾಗಿಯೇ ಎಷ್ಟೋ ಮಧ್ಯಾಹ್ನ ಬಂದು ಕೂತಿದ್ದಳು. ಚಿಲಮತ್ತೂರಿನ ಹುಡುಗಿ, ಕಾಲೇಜಿಗೆಂದು ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಳು. ದೊಡ್ಡಮ್ಮ ಕೆಟ್ಟವಳಲ್ಲ. ಅನ್ನ ಮುಚ್ಚಿಟ್ಟು ಟೀವಿ ನೋಡುವವಳು, ಅಷ್ಟೆ.

ಈಗ ಆಟದ ಕಥೆ ಮುಂದಕ್ಕೆ ಹೋಗಿತ್ತು. ಹೊಸ ಅಧ್ಯಾಯದಲ್ಲಿ ಗೇಟಕ್ಕ ದೆವ್ವವಾಗಿ ಕೋಟೆಯ ಹೊರಗೆ ನಿಂತು, ಬಂದವರನ್ನು ಹೆಸರು ಹಿಡಿದು ಕೂಗುತ್ತಾಳೆ. ಓಗೊಟ್ಟವರು ಆಟದಲ್ಲಿ ತೊಟ್ಟ ವೇಷ ಸತ್ತಂತೆ, ಮತ್ತೆ ಏಳುವುದಿಲ್ಲ. ಅವಳನ್ನು ಕಡಿದವರಿಗೆ ಮಾತ್ರ ಹೊಳೆಯಾಚೆಯ ಹೊಸ ನಾಡು.

"ಈ ಕತೆ ಬರ್ದೋನ್ಗೆ ಅಕ್ಕತಂಗೇರು ಇಲ್ವಾ?" ಎಂದ ಪಕ್ಕದ ಕಂಪ್ಯೂಟರಿನ ಓಬುಳೇಶ್. ಹಾಗೆ ಬೈದವನೇ ನಿನ್ನೆ ಅವಳನ್ನು ಕಡಿದಿದ್ದ. "ಏನ್ ಮಾಡೋದು, ಕಣ್ಮುಚ್ಕೊಂಡು ಒತ್ಬುಟ್ಟೆ ಕಣಮ್ಮ." ಆಮೇಲೆ ಅವನು ಯಾರನ್ನೂ ರೇಗಿಸಿರಲಿಲ್ಲ.

ಅವಳನ್ನು ಇನ್ನೂ ಕಡಿಯದೆ ಉಳಿದವರು ತನುಜಾ ಮತ್ತು ಶ್ರೀವಾಣಿ. ಶ್ರೀವಾಣಿ ಆಡುವುದು ಕಲ್ಯಾಣದುರ್ಗದ ನೆಟ್ ಸೆಂಟರಿನಿಂದ. ಎರಡು ವರ್ಷದ ಜೊತೆ, ಆದರೆ ಮುಖ ಕಂಡಿದ್ದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡಕ್ಕೆ ತೆಲುಗು ಬೆರೆಸಿ ಬರೆದುಕೊಳ್ಳುತ್ತಿದ್ದರು.

"ನಡಿಯೇ, ಮುಗಿಸ್ಬುಡಾನ," ಎಂದು ಶ್ರೀವಾಣಿ ಬರೆದಳು. "ನೀನು ಬರ್ಲಿಲ್ಲ ಅಂದ್ರೆ ಹೊಳೆ ಆ ಕಡೆ ನಾನೊಬ್ಳೇ ಏನ್ ಮಾಡ್ಲಿ?"

"ಇರೇ. ಎಷ್ಟ್ ಸಲ ಕೂಗ್ತಾಳೆ ನೋಡಾನ."

"ಪಿಚ್ಚಿದಾನಾ, ಹುಚ್ಚೇನೇ ನಿಂಗೆ, ಅದು ಕಂಪ್ಯೂಟರ್ ಕಣೇ."

ಊರ ಕಡೆ ಎಲ್ಲರಿಗೂ ಗೊತ್ತು. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೆ ಓ ಅನ್ನಬಾರದು. ದೆವ್ವ ಒಂದೇ ಸಲ ಕೂಗುತ್ತದೆ. ಎರಡನೆಯ ಸಲವೂ ಕೂಗುವವರು ಮನುಷ್ಯರು.

ಕೋಟೆಯ ಮುಂದೆ ಮಬ್ಬುಗತ್ತಲು. ಶ್ರೀವಾಣಿಯ ವೇಷ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುತ್ತಿತ್ತು. ಹೆಡ್‌ಫೋನಿನಲ್ಲಿ ನೀಳವಾದ ಹೆಣ್ಣುದನಿ ಬಂತು. 'ತನು' ಎಂಬ ಹೆಸರು ಇಬ್ಬರ ಪರದೆಯ ಮೇಲೂ ಮೂಡಿ ಅಳಿಯಿತು. ಇದುವರೆಗೆ ಬಂದವರೆಲ್ಲ ಆ ಗಳಿಗೆಯಲ್ಲೇ ಕತ್ತಿ ಬೀಸಿದವರು. ತನುಜಾ ಕತ್ತಿ ಇಳಿಸಿ, ಕೈ ಮಡಿಲಲ್ಲಿಟ್ಟುಕೊಂಡು ಕಾದಳು.

ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕುಂಯ್ ಎಂದಿತು. ಸೆಂಟರ್ ನಡೆಸುವ ಚೆನ್ನಕೇಶವ ಅವಳ ಮುಖ ನೋಡಿದ. ಯುಪಿಎಸ್ಸಿನಲ್ಲಿದ್ದಷ್ಟು ಕರೆಂಟು ಅವಳದಕ್ಕೆ ಸಿಗಲೆಂದು ತನ್ನ ಕಂಪ್ಯೂಟರನ್ನು ಆರಿಸಿದ.

'ತನು.'

ಅದೇ ದನಿ, ಅದೇ ಏರಿಳಿತ. ಸುಮ್ಮನೆ ನಿಂತವರನ್ನು ಮತ್ತೆ ಕೂಗುವಂತೆ ಯಾರೋ ಮಾಡಿಟ್ಟಿದ್ದಾರೆ, ಅಷ್ಟೇ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ಕೈ ಕೀಬೋರ್ಡಿಗೆ ಹೋಯಿತು. ಎರಡು ಸಲ ಕೂಗಿದವಳಿಗೆ ಓ ಅನ್ನದೆ ಇರುವುದು ಹೇಗೆ?

"ಓ," ಎಂದು ಬರೆದಳು. "ಬಂದೆ ಕಣಕ್ಕ."

ಪರದೆಯ ಬಣ್ಣವೆಲ್ಲ ಸೋರಿ ಬೂದಿಯಾಯಿತು. ಅವಳ ವೇಷ ಮಂಡಿಯೂರಿ ಮಣ್ಣಿಗೆ ಒರಗಿತು. ಗೇಟಕ್ಕ ಪಕ್ಕದಲ್ಲೇ ನಿಂತಿದ್ದಳು.

"ಏನ್ ಮಾಡ್ಕೊಂಡ್ಬುಟ್ಟೆ ತನೂ," ಎಂದು ಶ್ರೀವಾಣಿ ಬರೆದಳು.

ಎರಡು ಸಲ ಕೂಗಿದ್ಳು ಕಣೇ ಎಂದು ತನುಜಾ ಉತ್ತರಿಸಿದಳು. ಅಕ್ಷರಗಳು ಅವಳ ಪರದೆಯ ಮೇಲಷ್ಟೇ ಉಳಿದವು. ಸತ್ತವರ ಮಾತು ಬದುಕಿದ್ದವರಿಗೆ ಕಾಣಿಸದು, ಅದು ಆ ಆಟದ ಕಟ್ಟಳೆ.

ಶ್ರೀವಾಣಿಯ ವೇಷ ಕತ್ತಿಯೆತ್ತಿ ಗೇಟಕ್ಕನ ಎದುರಿಗೆ ಬಂತು. ಶ್ರೀವಾಣಿಯ ಹೆಸರೂ ಪರದೆಯ ಮೇಲೆ ಮೂಡಿತು, ಅಳಿಯಿತು. ಕತ್ತಿ ಮೇಲೆಯೇ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

"ತನೂ, ನನ್ನೂ ಎರಡ್ ಸಲ ಕೂಗ್ತಾಳೇನೇ?"